ಒಂದು ಗೇಣು ಎಡಕ್ಕೆ

ಪಾಪಮ್ಮನ ಜಗಲಿಯ ಮೇಲಿಟ್ಟ ಮೀಟರಿನಲ್ಲಿ ಅಂಕಿ ಮೇಲೇಳಲೇ ಇಲ್ಲ. ಬೆಳಗಿನಿಂದ ಹದಿನಾರು ಎಂಬ ಹೆಸರಿನ ಆ ಊರಿನ ಒಂಬತ್ತು ಕಡೆ ಟವರಿನ ಅಲೆಗಳನ್ನು ಅಳೆದು, ಟೀ ಅಂಗಡಿಯ ಮುಂದೆ ಮಾತ್ರ ವಿಶೇಷ ಶ್ರದ್ಧೆಯಿಂದ ಎರಡು ಸಲ ಅಳೆದು, 'ಅತ್ಯುತ್ತಮ' ಎಂದು ಬರೆದುಕೊಂಡು ಬಂದಿದ್ದ ಮೊಬೈಲ್ ಕಂಪನಿಯ ಎಂಜಿನಿಯರ್ ಚಕ್ರಪಾಣಿಗೆ ದೂರು ಕೊಟ್ಟವರ ಮನೆಯೇ ಕೈಕೊಟ್ಟಿತ್ತು.

"ಟವರು ಕಣ್ಮುಂದೇನೆ ನಿಂತದೆ ಸಾ, ಫೋನ್ ಮಾತ್ರ ಓಗಲ್ಲ," ಎಂದಳು ಪಾಪಮ್ಮ. "ಸೊಸೆಗೆ ಒಂಬತ್ತು ತುಂಬ್ತಾ ಅದೆ. ಮಗ ಫ್ಯಾಕ್ಟ್ರಿಗೋಯ್ತಾನೆ, ನಾನು ಕೂಲಿಗೋಯ್ತೀನಿ. ನೋವು ಬಂದ್ರೆ ಆಂಬುಲೆನ್ಸಿಗೆ ಎಲ್ಲಿಂದ ಮಾಡಾಳು?"

ಸೊಸೆ ಬಿಂದುಶ್ರೀ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

ಚಕ್ರಪಾಣಿಗೆ ರಿಪೇರಿಗಿಂತ ವಿವರಣೆಯಲ್ಲಿ ಕೈ ಪಳಗಿತ್ತು. ಪಾಪಮ್ಮನನ್ನು ದನದ ತೊಟ್ಟಿಯ ಬಳಿ ಕರೆದು, ನೀರಿಗೆ ಬೆರಳು ಅದ್ದಿ ಅಲೆ ಎಬ್ಬಿಸಿದ. ನೇರ ಹೋದ ಅಲೆಯೂ ಗೋಡೆಗೆ ಬಡಿದು ಮರಳಿದ ಅಲೆಯೂ ಸೇರುವಲ್ಲಿ, ಒಂದರ ಏರಿಗೆ ಇನ್ನೊಂದರ ಇಳಿತ ಸಿಕ್ಕಿದರೆ ನೀರು ಅಲುಗುವುದೇ ಇಲ್ಲ ಎಂದ. ಎದುರಿನ ಅಕ್ಕಿ ಗಿರಣಿಯ ಹೊಸ ತಗಡಿನ ಗೋಡೆ ತೋರಿಸಿ, ಟವರಿನ ಅಲೆಗೂ ಇಲ್ಲಿ ಅದೇ ಗತಿ ಎಂದ. ಒಂದು ಗೇಣು ಅತ್ತಿತ್ತ ಸರಿದರೆ ಸಿಗ್ನಲ್ ಸಿಕ್ಕರೂ ಸಿಕ್ಕೀತು.

"ಅತ್ತೆ ಅತ್ಲಾಗೆಳೆದು ಸೊಸೆ ಇತ್ಲಾಗೆಳೆದ್ರೆ ಚಾಪೆ ಅಲ್ಲೇ ಇರ್ತದೆ ಅನ್ನಿ," ಎಂದಳು ಪಾಪಮ್ಮ.

ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದು ಒಂದು ಚಾಪೆಯಲ್ಲಿ ಮುಗಿದುಹೋದದ್ದಕ್ಕೆ ಚಕ್ರಪಾಣಿಗೆ ಬೇಸರವಾಯಿತು.

"ಮತ್ತೆ ಸರಿ ಮಾಡಾದು ಯಾವಾಗ ಸಾ?"

"ಇದು ನಮ್ಮ ತಪ್ಪಲ್ಲಮ್ಮ, ಫಿಸಿಕ್ಸು."

ಅವನು ಹತ್ತು ಕಡೆಯ ಸರಾಸರಿ ತೆಗೆದ. ಒಂಬತ್ತು ಅತ್ಯುತ್ತಮಗಳ ನಡುವೆ ಒಂದು ಸೊನ್ನೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. 'ಸಿಗ್ನಲ್ ಚೆನ್ನಾಗಿದೆ, ದೂರು ಮುಕ್ತಾಯ' ಎಂದು ಫೋನಿನಲ್ಲಿ ಒತ್ತಿದ. ಹೋಗಲಿಲ್ಲ, ಸಿಗ್ನಲ್ ಇರಲಿಲ್ಲ. ರಸ್ತೆಗೆ ಹೋಗಿ ಒತ್ತಿದರೆ, 'ದೂರು ಬಂದ ಮನೆಯಲ್ಲಿದ್ದೇ ಕಳುಹಿಸಿ' ಎಂದಿತು ಆಪ್. ತನ್ನ ಎಂಜಿನಿಯರುಗಳು ಟೀ ಅಂಗಡಿಯಲ್ಲಿ ಕೂತು ವರದಿ ಬರೆಯುವುದನ್ನು ತಪ್ಪಿಸಲು ಕಂಪನಿ ಮಾಡಿಕೊಂಡ ಏರ್ಪಾಡು ಅದು. ಸಂಜೆಯೊಳಗೆ ದೂರು ಮುಗಿಯದಿದ್ದರೆ ಮೇಲಿನವರ ಬೈಗುಳ ಬೇರೆ.

ಮುಖ ಸಣ್ಣದು ಮಾಡಿಕೊಂಡು ಮರಳಿದವನನ್ನು ಪಾಪಮ್ಮ ಹಿತ್ತಲಿಗೆ ಕರೆದೊಯ್ದು ಬಟ್ಟೆ ಒಗೆಯುವ ಕಲ್ಲು ತೋರಿಸಿದಳು. ಮೀಟರಿಲ್ಲದೆ ತಿಂಗಳುಗಟ್ಟಲೆ ಹುಡುಕಿ ಅವಳು ಕಂಡುಕೊಂಡ, ಮನೆಯಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗ. ಚಕ್ರಪಾಣಿ ಶೂ ಬಿಚ್ಚಿ ಹತ್ತಿದ. ಪಾಚಿ ಕಟ್ಟಿದ ಕಲ್ಲು ಜಾರುತ್ತಿತ್ತು.

"ಒಂದು ಗೇಣು ಎಡಕ್ಕೆ ಸಾ. ಗ್ವಾಡೆ ಇಡ್ಕಳಿ. ಈಗ ಬಲಗಾಲು ವಸಿ ಎತ್ತಿ, ಫೋನ್ ಮೇಲಕ್ಕೆ."

ಒಂಟಿಕಾಲಲ್ಲಿ ನಿಂತ ಎಂಜಿನಿಯರರ ಕೈಯಿಂದ, ಸಿಗ್ನಲ್ ಚೆನ್ನಾಗಿದೆ ಎಂಬ ವರದಿ ಕಡೆಗೂ ಹೋಯಿತು.

ಪಾಪಮ್ಮ ಹಿಂದೆಯೇ ಬಂದು ನಿಂತಿದ್ದ ಸೊಸೆಯ ಕಡೆ ತಿರುಗಿದಳು. "ನೋಡ್ಕಂಡ್ಯಾ ಮಗಾ? ನೋವು ಸುರುವಾದೇಟ್ಗೆ ಇಂಗೇ ಅತ್ತಿ ನಿಂತ್ಕಬೇಕು."