ಹಿರಿತನದ ಬಾಚಣಿಗೆ

ಚುಕ್ಕಿಯೂರಿನಲ್ಲಿ ಒಂದು ಬೇಸಿಗೆ ಕಳೆದರೆ ಇಲ್ಲಿ ಐದು ವರ್ಷ ಉರುಳುತ್ತವೆ. ನಾಳೆ ಅಲ್ಲಿಗೆ ಒಂದು ಬೇಸಿಗೆಯ ಕೆಲಸಕ್ಕೆ ಹೊರಡಲಿರುವ ಪಾರ್ವತೆವ್ವ ತಂಗಿ ಚಂಪವ್ವನಿಗಿಂತ ಮೂರೇ ವರ್ಷ ದೊಡ್ಡವಳು. ಮರಳುವಷ್ಟರಲ್ಲಿ ತಂಗಿಯೇ ಹಿರಿಯಳು. ಹೊರಡುವ ಹಿಂದಿನ ದಿನ ತಂಗಿ ಅಕ್ಕನ ತಲೆ ಬಾಚಿ ಹಿರಿತನ ವಹಿಸಿಕೊಳ್ಳುವುದು ಅವರ ಓಣಿಯ ರೂಢಿ.

ಶಾವಿಗೆ ಒಣಹಾಕುತ್ತಿದ್ದ ಅವ್ವ ಎರಡು ಸಲ ನೆನಪಿಸಿದಳು. ಚಂಪವ್ವ ಬಾಚಣಿಗೆ ಹಿಡಿದು ನಿಂತೇ ಇದ್ದಳು. ಹದಿನಾರು ವರ್ಷ ಅಕ್ಕನ ಕೈಯ ಎಣ್ಣೆ ಉಂಡು, ಅದೇ ಕೈಯ ಗುದ್ದು ತಿಂದ ತಲೆ ಅವಳದು.

“ಯಾಕ, ದೊಡ್ಡಸ್ತನ ಬ್ಯಾಡೇನು? ಬಂದ ಮ್ಯಾಲ ನಾನ ನಿನ್ನ ಕಾಲಿಗೆ ಬೀಳಬೇಕಲ್ಲ,” ಎಂದು ಅಕ್ಕ ನಕ್ಕಳು.

“ಬಸ್ಸು ನಾಳೆ ಐತಿ. ಇವತ್ತಿನ ಮಟ ನಾ ಸಣ್ಣಾಕಿನ.”

ಚಂಪವ್ವ ಬಾಚಣಿಗೆಯನ್ನು ಅಕ್ಕನ ಕೈಗಿಟ್ಟು, ಬೆನ್ನು ತಿರುಗಿಸಿ ಕುಳಿತಳು. ಅಕ್ಕ ಎಂದಿಗಿಂತ ಬಿಗಿಯಾಗಿ ಜಡೆ ಹೆಣೆದಳು. ನೋಯುತ್ತದೆಂದು ತಂಗಿ ಹೇಳಲಿಲ್ಲ.