ತಡವಾಗುವ ಅನ್ನ

ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಜೊತೆಗಾರ ಕಣ್ಣೆದುರೇ ಸತ್ತ ಮೇಲೂ ಅವನು ರಜೆ ಹಾಕಲಿಲ್ಲ. ದಿನವೂ ಡಬಲ್ ಶಿಫ್ಟ್. ಮನೆಗೆ ಬಂದರೆ ಅನ್ನ ಇನ್ನೂ ಬೇಯುತ್ತಲೇ ಇರುತ್ತಿತ್ತು.

“ಕುಕ್ಕರನ್ನ ಅಟ್ಟಕ್ಕೆ ಹಾಕಿ ಪಾತ್ರೇಲಿ ಬೇಯಿಸ್ತೀಯಲ್ಲ, ನಿಂಗೆ ಬುದ್ಧಿ ಇದೆಯಾ?” ಇಡೀ ವಠಾರಕ್ಕೆ ಕೇಳುವಂತೆ ರೇಗಿದ.

“ಸ್ವಲ್ಪ ಕೂತ್ಕೊಳ್ಳಿ. ಡಾಕ್ಟ್ರು ರೆಸ್ಟ್ ತಗೊಳ್ಳಿ ಅಂದಿದ್ರಲ್ವಾ?” ಎಂದಳು ಹೆಂಡತಿ.

“ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ!”

ತಾನೇ ಕುಕ್ಕರ್ ಇಳಿಸಿ, ಅಕ್ಕಿ ತೊಳೆದು ಒಲೆಗಿಟ್ಟ. ಅವಳು ಬೇಡ ಬೇಡ ಎನ್ನುತ್ತಿದ್ದಂತೆ ಅದು ಕೂಗಿತು.

ಮೈಮೇಲೆ ಎಚ್ಚರ ಬಂದಾಗ ಅವನು ಮಂಚದ ಕೆಳಗೆ ತಲೆ ಮುಚ್ಚಿಕೊಂಡು ಮಲಗಿದ್ದ. ಹೆಂಡತಿ ಒಲೆ ಆರಿಸಿ ಬಂದು ನೆಲದ ಮೇಲೆ ಕೂತಳು.

“ಒಂದ್ಸಲ ಪಕ್ಕದ್ಮನೆ ಕುಕ್ಕರ್ ಕೂಗಿದಾಗ ನಿದ್ದೇಲೂ ನಿಮಗೆ ಹೀಗೇ ಆಗಿತ್ತು ರೀ. ಅವತ್ತಿಂದ, ನೀವು ಮನೇಲಿರೋವಾಗ, ಈ ವಠಾರದಲ್ಲಿ ಯಾರೂ ಕುಕ್ಕರ್ ಇಡಲ್ಲ.”