ಸರಿಯಾಗಿ ಕೂರದ ಕಾರ್ಬ್ಯುರೇಟರ್

ಸದ್ದು ಕೇಳಿದೊಡನೆ ಕೆಂಪರಾಜುವಿನ ಕೈ ನಿಂತಿತು. ಅದು ರುದ್ರಮುನಿಯ ಸ್ಪೋರ್ಟ್ಸ್ ಕಾರು. ನಿನ್ನೆಯಷ್ಟೇ ಕೆಂಪರಾಜು ಇದೇ ಗ್ಯಾರೇಜಿನಲ್ಲಿ ಅದರ ಏರ್ ಫಿಲ್ಟರ್ ಡಬ್ಬಿ ಕಳಚಿ ತಗಡಿನ ಕೊಳವೆ ಕೂರಿಸಿದ್ದ, ಸೈಲೆನ್ಸರ್ ಒಳಗಿನ ತಟ್ಟೆಗಳನ್ನು ಕತ್ತರಿಸಿ ತೆಗೆದಿದ್ದ. ಅಕ್ಕಿ ಗಿರಣಿಯವರ ಮಗನಿಗೆ ಬೇಕಾಗಿದ್ದುದು ಇಂಥ ಗುಡುಗೇ.

"ಮೈಸೂರಿಗೆಲ್ಲಾ ಕೇಳ್ತದೆ ಕಣೋ ನಿನ್ನ ಕೈಕೆಲಸ," ಎಂದ ಗ್ಯಾರೇಜಿನ ಹಿರಿಯ ನಿಂಗಯ್ಯ. ಕೆಂಪರಾಜು ಹೆಮ್ಮೆಯಿಂದ ಕಿವಿಗೊಟ್ಟ. ಸದ್ದು ಸರ್ಕಲ್ಲಿನಲ್ಲಿ ತಿರುಗಿತು, ಪಡುವಾರಹಳ್ಳಿಯ ಓಣಿಗೆ ಇಳಿಯಿತು, ಅವನ ಮನೆಯ ಹತ್ತಿರವೇ ನಿಂತುಹೋಯಿತು.

"ಕೆಟ್ಟೋಯ್ತಾ?"

"ಇಲ್ಲಣ್ಣ. ಆಫ್ ಮಾಡವ್ನೆ."

ಈ ಹೊತ್ತಿನಲ್ಲಿ ಮನೆಯಲ್ಲಿರುವವಳು ತಂಗಿ ಜಯಮ್ಮ ಒಬ್ಬಳೇ. ಸೋಮವಾರ ಅವಳ ಮದುವೆ; ಗಂಡು ಬೇರೆ ಯಾರೂ ಅಲ್ಲ, ಹೆಂಡತಿ ಸತ್ತ ಸೋದರಮಾವ. "ಒಲ್ಲೆ ಕಣಣ್ಣ" ಎಂದು ಅವಳು ಅತ್ತಾಗ ಗದರಿಸಿ ಬಾಯಿ ಮುಚ್ಚಿಸಿದವನು ಕೆಂಪರಾಜುವೇ. ಎಂಜಿನ್ ಮತ್ತೆ ಗುಡುಗಿತು. ಆದರೆ ಓಣಿಯ ಏರಿನಲ್ಲಿ ಭಾರಕ್ಕೆ ತುಸು ತಿಣುಕಿತು.

"ಇನ್ಯಾರನ್ನೋ ಹತ್ತಿಸ್ಕೊಂಡವ್ನೆ ಕಣೋ," ಎಂದು ನಿಂಗಯ್ಯ ನಕ್ಕ.

ಸೈಕಲ್ಲು ಗೋಡೆಗೆ ಒರಗಿತ್ತು. ಸಂದಿಯಲ್ಲಿ ನುಗ್ಗಿದರೆ ಸರ್ಕಲ್ಲಿನಲ್ಲಿ ಕಾರಿಗೆ ಅಡ್ಡ ನಿಲ್ಲಬಹುದಿತ್ತು. ಸದ್ದು ಸರ್ಕಲ್ ದಾಟಿ ಬೆಂಗಳೂರು ರಸ್ತೆಯ ಕಡೆಗೆ ಹೊರಳುವವರೆಗೂ ಕೆಂಪರಾಜು ಕದಲಲಿಲ್ಲ.

"ಯಾರೂ ಇಲ್ಲ ಬುಡಣ್ಣ," ಎಂದ. "ಅದು ತಿಣುಕಿದ್ದು ಭಾರಕ್ಕಲ್ಲ, ನಾನೇ ಕಾರ್ಬ್ಯುರೇಟರ್ ಸರಿಯಾಗಿ ಕೂರಿಸಿಲ್ಲ."